ಬೇಕರಿ ಹಂಚಿನ ಮೇಲಿನ ಕುಂಬಳಕಾಯಿ

ಮದುವೆಯಾಗಿ ಶಿಕಾರಿಪುರಕ್ಕೆ ಬರುವಾಗ ನಮ್ಮವ್ವ ನನ್ನ ಸೆರಗಿನ ತುದಿಗೆ ಒಂದು ಹಿಡಿ ಬೀಜ ಕಟ್ಟಿ ಕಳಿಸಿದ್ದಳು. ಚೀನಿಕಾಯಿ ಬೀಜ. ಸೊರಬದ ಕಡೆ, ಜಡೆ ಅನ್ನುವ ಊರಿನ ಹತ್ತಿರದ ನಮ್ಮೂರಲ್ಲಿ, ಸಿಹಿಗುಂಬಳಕ್ಕೆ ಹಾಗೇ ಅನ್ನುವುದು. ಮನೆ ತುಂಬಿಸಿಕೊಂಡ ದಿನವೇ ನಮ್ಮ ಅತ್ತೆಯ ಕಣ್ಣು ಆ ಗಂಟಿನ ಮೇಲೆ ಬಿತ್ತು. ಬಿಚ್ಚಿ ನೋಡಿದರು. “ತಾಯಿ ಮಗಳಿಗೆ ಬಂಗಾರ ಕಟ್ಟಿ ಕಳಿಸ್ಯಾಳೇನೋ ಅಂದ್ಕೊಂಡ್ರೆ ಕುಂಬಳ ಬೀಜ ಐತಲ್ಲೇ ಇದ್ರಾಗೆ” ಅಂತ ಬಂದ ಹೆಂಗಸರ ಮುಂದೆಲ್ಲ ಅಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಹೊಸ ಮದುವಣಗಿತ್ತಿ ಬಾಯಿ ಬಿಡುವ ಹಾಗಿಲ್ಲ, ಇಲ್ಲದಿದ್ದರೆ ಅವತ್ತೇ ಒಂದು ಜಗಳ ಆಗಿಬಿಡುತ್ತಿತ್ತು.

ಬೀಜ ಅಂತ ಹಗುರಾಗಿ ನೋಡಬೇಡಿ. ನಮ್ಮವ್ವನ ಚೀನಿಕಾಯಿ ಚಪ್ಪಟೆ, ಮೈಯೆಲ್ಲ ಏಣು, ಒಳಗೆ ಕುಂಕುಮದ ಬಣ್ಣ. ಅವಳಿಗೆ ಅವಳ ತಾಯಿ ಕೊಟ್ಟದ್ದು, ಆ ತಾಯಿಗೆ ಯಾರು ಕೊಟ್ಟರೋ ಶಿವನಿಗೇ ಗೊತ್ತು. ಅಟ್ಟದ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಬೆಳೆಯುವುದು ಸುಲಭ, ಕೊಯ್ಯುವುದೇ ಕಷ್ಟ. ಇಡೀ ಕುಂಬಳಕಾಯಿಗೆ ಹೆಂಗಸರು ಕತ್ತಿ ಹಾಕಬಾರದು. ಮೊದಲ ಹೋಳು ಗಂಡಸೇ ಮಾಡಬೇಕು, ಆಮೇಲೆ ನಾವು ಹೆಚ್ಚಬಹುದು. ಅದರಲ್ಲೂ ಹೆಂಡತಿ ಬಸುರಿಯಾಗಿದ್ದರೆ ಆ ಗಂಡಸೂ ಹಾಕುವ ಹಾಗಿಲ್ಲ. ನಾವೋ ಏಳು ಜನ ಮಕ್ಕಳು. ಹೀಗಾಗಿ ನಮ್ಮಪ್ಪನ ಹರೆಯವೆಲ್ಲ ಕುಂಬಳಕಾಯಿ ಮುಟ್ಟದೇ ಕಳೆದುಹೋಯಿತು. ಹುಳಿಗೆ ನಾಲ್ಕು ಹೋಳು ಬೇಕಾದರೆ ನಮ್ಮವ್ವ ಪಕ್ಕದ ಮನೆಯ ಅಜ್ಜನನ್ನು ಕೂಗಬೇಕಿತ್ತು. ಆತ ಹೆಂಡತಿ ಸತ್ತ ಒಂಟಿ ಮನುಷ್ಯ. ಕತ್ತಿ ಮಸೆದುಕೊಂಡು ಬರುತ್ತಿದ್ದ, ಬಂದವನು ಊಟ ಮಾಡಿಕೊಂಡೇ ಹೋಗುತ್ತಿದ್ದ.

ಶಿಕಾರಿಪುರದ ನಮ್ಮ ಹಿತ್ತಲು ಅತ್ತೆಯ ದರ್ಬಾರು. ಬದನೆ, ಅವರೆ, ಬಸಳೆ, ಹೀರೆ, ಎಲ್ಲ ಅವರು ಹೇಳಿದಂತೆ ಕೇಳುತ್ತಿದ್ದವು. ಅವರ ಕೈಗುಣ ಎಂಥದ್ದೆಂದರೆ ಕೇರಿಯ ಹೆಂಗಸರು ಬದನೆ ಸಸಿ ನೆಡಲು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಮೊದಲ ಮಳೆಗಾಲದಲ್ಲಿ ನಾನು ನಮ್ಮವ್ವನ ಬೀಜದಲ್ಲಿ ಮುಕ್ಕಾಲು ಪಾಲು ಹಾಕಿದೆ. ಒಂದೂ ಹುಟ್ಟಲಿಲ್ಲ. ಅತ್ತೆ ಕೆದಕಿ ನೋಡಿ, “ಸೊರಬದ ಬೀಜ ನಮ್ಮ ಮಣ್ಣಿಗೆ ಹತ್ತಂಗಿಲ್ಲ. ಮೇಲಾಗಿ ನಿನ್ನ ಕೈಗುಣ ಸರಿಯಿಲ್ಲ” ಅಂದರು. ಆ ಮಾತು ನನಗೆ ಎಷ್ಟು ಚುಚ್ಚಿತು ಅಂದರೆ ಅವತ್ತು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಅದಕ್ಕೂ ಕೈಗುಣವನ್ನೇ ಬೈದರು.

ಮರುವರ್ಷ ನಮ್ಮವ್ವ ಹೋದಳು. ಜ್ವರ ಅಂತ ಮಲಗಿದವಳು ಏಳಲಿಲ್ಲ. ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಿನಗಳು ಕಳೆದ ಮೇಲೆ ಹಿತ್ತಲಿಗೆ ಹೋಗಿ ನೋಡುತ್ತೇನೆ, ಅಣ್ಣ ಅವಳ ಚಪ್ಪರ ಕಿತ್ತು ಅಡಿಕೆ ಸಸಿ ಇಟ್ಟಿದ್ದಾನೆ. ಚೀನಿಕಾಯಿ ಬೀಜ ಎಲ್ಲಿ ಅಂತ ಅತ್ತಿಗೆಯನ್ನು ಕೇಳಿದರೆ, ಇಲಿ ತಿಂದವು ಅಂದಳು. ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಶಿಕಾರಿಪುರಕ್ಕೆ ವಾಪಸ್ಸು ಬಂದೆ. ಅತ್ತೆಗೆ ಬೀಜ ಹೋದ ವಿಷಯ ಹೇಳಲಿಲ್ಲ. ಹೇಳಿದರೆ ಅಳಬೇಕಾಗುತ್ತಿತ್ತು, ಅತ್ತೆಯ ಮುಂದೆ ಅಳುವ ಪೈಕಿ ಅಲ್ಲ ನಾನು.

ನನ್ನ ಟ್ರಂಕಿನಲ್ಲಿ ನಾಲ್ಕೈದು ಬೀಜ ಉಳಿದಿದ್ದವು. ಮುಂಗಾರು ಹನಿದ ಮೇಲೆ ಹಿತ್ತಲ ಮೂಲೆಯ ಗೋಡೆ ಬುಡಕ್ಕೆ ಅಷ್ಟನ್ನೂ ಹಾಕಿದೆ. ಒಂದೇ ಒಂದು ಹುಟ್ಟಿತು.

ಆ ಗೋಡೆಯಾಚೆ ಬೇಕರಿ. ಬೇಕರಿ ಸಾಬರು ನಮ್ಮ ಮಾವನವರ ಕಾಲದಿಂದಲೂ ಅಲ್ಲೇ ಇದ್ದವರು. ಬೆಳಗಾಗುವ ಮೊದಲೇ ಅವರ ಭಟ್ಟಿ ಹೊತ್ತಿಕೊಳ್ಳುತ್ತಿತ್ತು. ನಮ್ಮ ಅತ್ತೆ ಬೇಕರಿಯ ಬನ್ನು ಮುಟ್ಟುತ್ತಿರಲಿಲ್ಲ. ಆದರೆ ತಾವೇ ಮೈದಾ, ತುಪ್ಪ, ಸಕ್ಕರೆ ಕಲಸಿ, ನಾನ್‌ಖಟಾಯಿ ಉಂಡೆ ಕಟ್ಟಿ, ತಟ್ಟೆಯಲ್ಲಿ ಜೋಡಿಸಿ ಗೋಡೆ ಮೇಲಿಂದ ಸಾಬರ ಕೈಗೆ ಕೊಡುತ್ತಿದ್ದರು. ಅದು ಭಟ್ಟಿಯಲ್ಲಿ ಬೆಂದು ಬಂದರೆ ಸಂತೋಷವಾಗಿ ತಿನ್ನುತ್ತಿದ್ದರು. ಬನ್ನು ಯಾಕಾಗಲ್ಲ, ಇದು ಹೇಗಾಗುತ್ತೆ ಅಂತ ಒಂದು ಸಲ ಕೇಳಿದೆ. “ಬೆಂಕಿಗೆಲ್ಲಿ ಮೈಲಿಗೆ” ಅಂದರು. ಆ ಬನ್ನೂ ಅದೇ ಬೆಂಕಿಯಲ್ಲಿ ಬೆಂದದ್ದಲ್ಲವಾ ಅನ್ನುವಷ್ಟರಲ್ಲಿ ನನ್ನ ಬಾಯಿಗೊಂದು ನಾನ್‌ಖಟಾಯಿ ತುರುಕಿದರು.

ನನ್ನ ಬಳ್ಳಿ ಎಂಥ ನಾಚಿಕೆಗೆಟ್ಟದ್ದೋ, ಅತ್ತೆ ಹಾಕಿದ ಚಪ್ಪರವನ್ನು ಬಿಟ್ಟು ಗೋಡೆ ಹತ್ತಿತು. ಗೋಡೆಯಿಂದ ಬೇಕರಿಯ ಹಂಚಿನ ಮೇಲೆ ಹರಿಯಿತು. ಅಲ್ಲಿ, ಭಟ್ಟಿಯ ನೆತ್ತಿಯ ಮೇಲೆ ಬೆಚ್ಚಗೆ, ಒಂದು ಕಾಯಿ ಬಿಟ್ಟಿತು. ಉಳಿದ ಹೂವೆಲ್ಲ ಉದುರಿದವು, ಆ ಒಂದು ಮಾತ್ರ ನಿಂತಿತು. ಸಾಬರು ಬಿಸ್ಕತ್ತಿನ ಡಬ್ಬ ಬಡಿದು ಚಪ್ಪಟೆ ಮಾಡಿ ಅದರ ಕೆಳಗಿಟ್ಟರು. ಕೋತಿ ಬಂದರೆ ಸಾಬರ ಮನೆಯವರು ತಗಡು ಬಡಿಯುತ್ತಿದ್ದರು. ಕಾಯಿ ದಿನೇ ದಿನೇ ಊದಿಕೊಳ್ಳುತ್ತಾ ಹೋದಾಗ, ಬಳ್ಳಿ ಹರಿದೀತು ಅಂತ ನನಗೆ ದಿಗಿಲು. ಅತ್ತೆ ಮಾತ್ರ, “ಬಳ್ಳಿಗೆ ಕಾಯಿ ಭಾರವೇನೇ” ಅಂತ ನಕ್ಕರು.

ಎಳೆ ಕಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತೆ ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ತೋರಿಸಲೇಬೇಕಿದ್ದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಬೇಕರಿಗೆ ಬಂದ ಗಿರಾಕಿಗಳೆಲ್ಲ ತಲೆಯೆತ್ತಿ, “ಅಬ್ಬಬ್ಬಾ, ಅದೇನ್ರೀ ಸಾಬ್ರೇ” ಅಂತ ಕೈ ಎತ್ತುತ್ತಿದ್ದರು. ಸಾಬರು ಒಳಗಿಂದಲೇ “ಬೆರಳು ಮಡಚ್ರೀ” ಅಂತ ಗದರುತ್ತಿದ್ದರು. ಮಡಚದವರಿಗೆ ರಸ್ಕು ಕೊಡುತ್ತಿರಲಿಲ್ಲ.

ಆಗ ಬ್ಲಾಕ್ ಆಫೀಸು ಹೊಸದಾಗಿ ಬಂದ ಕಾಲ. ಅಲ್ಲಿಯ ಗ್ರಾಮಸೇವಕ ಬೇಕರಿ ಮುಂದೆ ಸೈಕಲ್ಲು ನಿಲ್ಲಿಸಿ ಚಹಾ ಕುಡಿಯುವವನು. ಸುಗ್ಗಿ ಮುಗಿದ ಒಂದು ಬೆಳಿಗ್ಗೆ ಅವನ ಕಣ್ಣಿಗೆ ನನ್ನ ಕಾಯಿ ಬಿತ್ತು. ಎರಡೂ ತಾಲ್ಲೂಕು ಸೇರಿಸಿ ಸೊರಬದಲ್ಲಿ ಫಲಪುಷ್ಪ ಪ್ರದರ್ಶನ ಇಡುತ್ತಾರೆ, ಮನೆಯಲ್ಲಿ ಬೆಳೆದ ತರಕಾರಿಗೆ ಬಹುಮಾನವಿದೆ, ಹೆಂಗಸರು ಮಾಡಿದ ಬೇಕರಿ ತಿಂಡಿಗೂ ಇದೆ, ಇದು ಯಾರದು ಅಂತ ಗೋಡೆಯ ಮೇಲಿಂದ ಕೇಳಿದ. ವರ್ಷವಿಡೀ ಸೊರಬದ ಬೀಜ, ಸೊರಬದ ಬೀಜ ಅಂತ ಹಂಗಿಸಿದ್ದ ಅತ್ತೆ ಎದೆ ಸೆಟೆಸಿ ನಿಂತು, “ನಮ್ಮದು ಕಣಪ್ಪಾ. ನಮ್ಮ ಸೊಸೆ ಬೆಳೆಸಿದ್ದು” ಅಂದರು. ನಾನು ಬಾವಿಕಟ್ಟೆಯ ಹತ್ತಿರ ನಿಂತು ಕೇಳಿಸಿಕೊಂಡೆ. ಅವರ ಬಾಯಲ್ಲಿ ಆ ಮಾತು ಬಂದ ಖುಷಿಗೆ, ಕಾಯನ್ನು ಸೊರಬಕ್ಕಲ್ಲ, ಕಾಶಿಗೆ ಒಯ್ಯುತ್ತೇವೆ ಅಂದಿದ್ದರೂ ಒಪ್ಪುತ್ತಿದ್ದೆ. ತೋರಿಸಿಕೊಂಡು ಬರೋಣ, ಆಮೇಲೆ ಮನೆಗೆ ತಂದು ಕೊಯ್ದು ಬೀಜ ಇಟ್ಟುಕೊಂಡರಾಯಿತು ಅಂತ ನನ್ನ ಲೆಕ್ಕ. ನಮ್ಮವ್ವನ ಬೀಜವೆಂದು ಈ ಲೋಕದಲ್ಲಿ ಉಳಿದದ್ದೆಲ್ಲ ಆ ಒಂದು ಕಾಯಿಯ ಹೊಟ್ಟೆಯೊಳಗಿತ್ತು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಆ ತಿಂಗಳು ಅತ್ತೆಯ ಕಾಟ ವಿಪರೀತವಾಯಿತು. ನಾನು ಬಾವಿಗೆ ಕೊಡ ಇಳಿಸಿದರೆ ಹಗ್ಗ ಕಿತ್ತುಕೊಂಡು, “ಬಿಡು, ನಿನ್ನ ಕೈಗುಣ ಸರಿಯಿಲ್ಲ” ಅನ್ನುವರು. ಒನಕೆ ಹಿಡಿದರೂ ಅದೇ, ಭತ್ತದ ಬುಟ್ಟಿ ಎತ್ತಿದರೂ ಅದೇ. ನೀರು ಸೇದುವುದಕ್ಕೆ ಎಂಥ ಕೈಗುಣ ಅಂತ ನಾನು ನನ್ನ ಗಂಡನ ಹತ್ತಿರ ರೇಗಾಡಿದೆ. ಅವರು ಯಾವ ಜಗಳದಲ್ಲೂ ಯಾರ ಪಕ್ಷವನ್ನೂ ಹಿಡಿಯದೆ ದೊಡ್ಡವರಾದವರು. “ನೋಡೋಣ ಬಿಡು” ಅಂದು ಗದ್ದೆಗೆ ಹೋದರು.

ಪ್ರದರ್ಶನದ ದಿನ ಸಾಬರು ಏಣಿ ಹಾಕಿ ಕಾಯಿ ಇಳಿಸಿದರು. ನಾನು ಕೈ ಚಾಚಿದೆ. ಅತ್ತೆ ನಡುವೆ ಬಂದು, “ನೀನು ಎತ್ತಬ್ಯಾಡ, ನಿನ್ನ ಕೈಗುಣ ಸರಿಯಿಲ್ಲ” ಅಂದರು. ಬೀಜ ನನ್ನದು, ನೀರು ನನ್ನದು, ಎತ್ತಲು ಮಾತ್ರ ನಾನು ಆಗದವಳು. ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂತು. ನನ್ನ ಗಂಡ ಕಾಯನ್ನು ಕಂಬಳಿಯಲ್ಲಿ ಸುತ್ತಿ ಹೊತ್ತರು. ಅತ್ತೆ ತಮ್ಮ ನಾನ್‌ಖಟಾಯಿ ಡಬ್ಬ ಹಿಡಿದರು. ಸಾಬರು ಒಂದು ಟ್ರೇ ತುಂಬ ಬ್ರೆಡ್ಡು ಕಟ್ಟಿಕೊಂಡು, ಅದನ್ನು ಕೊಯ್ಯುವ ಉದ್ದನೆಯ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಜೊತೆ ಹೊರಟರು. ಭಟ್ಟಿಯ ಕಾವಿನಲ್ಲಿ ಬಲಿತ ಕಾಯಿ, ತನಗೂ ಅದರಲ್ಲಿ ಪಾಲಿದೆ ಅಂತ ಅವರ ವಾದ. ಪ್ರದರ್ಶನದ ಊಟದ ಚಪ್ಪರಕ್ಕೆ ಬ್ರೆಡ್ಡು ಒದಗಿಸುವ ಕೆಲಸವೂ ಅವರಿಗೇ ಸಿಕ್ಕಿತ್ತು.

ಬಸ್ಸಿನಲ್ಲಿ ಅತ್ತೆ ನನ್ನನ್ನು ಕಿಟಕಿ ಪಕ್ಕ ಕೂರಿಸಿ ಕೈಗೊಂದು ನಿಂಬೆಹಣ್ಣು ಕೊಟ್ಟರು. “ಮೂಸ್ತಾ ಇರು. ಕಾಯಿ ಮ್ಯಾಲೆ ವಾಂತಿ ಮಾಡೀಯೆ” ಅಂದರು. ನೋಡಿ, ಇವರಿಗೆ ಕಾಯಿಯದ್ದೇ ಚಿಂತೆ ಅಂದುಕೊಂಡೆ. ನಿಜಕ್ಕೂ ಆ ದಿನಗಳಲ್ಲಿ ಬಸ್ಸಿನ ವಾಸನೆ ಇರಲಿ, ಬೇಕರಿಯ ವಾಸನೆಯೂ ನನಗೆ ಆಗುತ್ತಿರಲಿಲ್ಲ. ಯಾಕಿರಬಹುದು ಅಂತ ಒಂದು ಅನುಮಾನವಿತ್ತು. ನನಗೇ ಖಾತ್ರಿ ಇರಲಿಲ್ಲ, ಗಂಡನಿಗೂ ಹೇಳಿರಲಿಲ್ಲ.

ಕಂಡಕ್ಟರ್ ಬಂದವನೇ ಕಂಬಳಿ ಸರಿಸಿ ನೋಡಿ, ಇದಕ್ಕೆ ಲಗೇಜು ಹಾಕಬೇಕು ಅಂದ. ಅತ್ತೆ, “ತೊಡೆ ಮ್ಯಾಲೆ ಕೂತ ಕೂಸಿಗೆ ಟಿಕೀಟು ತಗೋತೀಯೇನಪ್ಪಾ?” ಅಂತ ಕೇಳಿದರು. “ಕೂಸು ಎಲ್ಲೈತಮ್ಮಾ, ಇದು…” ಅಂತ ಅವನು ತೋರುಬೆರಳು ಚಾಚಿದ್ದೇ ತಡ, ಅರ್ಧ ಬಸ್ಸು “ಬೆರಳು ಮಡಚೋ” ಅಂತ ಕೂಗಿತು. ಅವನು ಬೆಚ್ಚಿಬಿದ್ದು ಬೆರಳಷ್ಟೇ ಅಲ್ಲ, ಇಡೀ ಕೈಯನ್ನೇ ಚೀಲದೊಳಗೆ ಇಟ್ಟುಕೊಂಡ. ಲಗೇಜಿನ ಮಾತು ಮತ್ತೆ ಬರಲಿಲ್ಲ.

ಸೊರಬದ ಶಾಲೆಯ ಬಯಲಲ್ಲಿ ಚಪ್ಪರ ಹಾಕಿ ಬೆಂಚುಗಳ ಮೇಲೆ ಬಿಳಿ ಕಾಗದ ಹಾಸಿದ್ದರು. ನನ್ನ ತವರಿನ ತಾಲ್ಲೂಕು, ಆದರೂ ಬಾಗಿಲಲ್ಲಿದ್ದವನು, “ಶಿಕಾರಿಪುರದೋರು ಆ ಕಡೆಗೆ” ಅಂದ. ಅಲ್ಲಿ ಸೊರಬದವಳು, ಇಲ್ಲಿ ಶಿಕಾರಿಪುರದವಳು ಅನ್ನಿಸಿಕೊಂಡು ನಾನು ನನ್ನ ಕಾಯನ್ನು ಇಡಿಸಿದೆ. ಪಕ್ಕದಲ್ಲೇ ಜಡೆ ಕಡೆಯ ಒಬ್ಬ ಹೆಂಗಸಿನ ಚೀನಿಕಾಯಿ ಇತ್ತು. ಬೇರೆ ತಳಿ, ಉದ್ದಕ್ಕೆ ನುಣ್ಣಗೆ, ತೂಕದಲ್ಲಿ ನಮ್ಮದಕ್ಕೇನೂ ಕಮ್ಮಿಯಿರಲಿಲ್ಲ.

ತೀರ್ಪು ಕೊಡುವವರು ಇಬ್ಬರು. ಒಬ್ಬರು ಶಿವಮೊಗ್ಗದಿಂದ ಬಂದ ತೋಟಗಾರಿಕೆಯ ಸಾಹೇಬರು, ಚಿಕ್ಕ ವಯಸ್ಸು. ಇನ್ನೊಬ್ಬರು ಮುಖ್ಯಸೇವಿಕೆ, ಮಹಿಳಾ ಸಮಾಜಗಳನ್ನೆಲ್ಲ ನೋಡಿಕೊಳ್ಳುವ ಕನ್ನಡಕದ ಹೆಂಗಸು. ಅವರು ಬೆಳಿಗ್ಗೆಯೇ ಮೈಕಿನಲ್ಲಿ ಮೂಢನಂಬಿಕೆ ಬಿಡಬೇಕೆಂದು ಗಂಟಲು ಬೀಳುವ ಹಾಗೆ ಭಾಷಣ ಮಾಡಿದ್ದರು.

ಮೊದಲು ತಿಂಡಿಯ ಸರದಿ. ಮುಖ್ಯಸೇವಿಕೆ ಅತ್ತೆಯ ತಟ್ಟೆಯಿಂದ ಒಂದು ನಾನ್‌ಖಟಾಯಿ ಎತ್ತಿ, ಅರ್ಧ ಕಚ್ಚಿ, ಮೆಚ್ಚಿ ತಲೆಯಾಡಿಸಿ, ಉಳಿದರ್ಧವನ್ನು ಮತ್ತೆ ಅದೇ ತಟ್ಟೆಯಲ್ಲಿಟ್ಟರು. ಅತ್ತೆಯ ಮುಖ ನೋಡಬೇಕಿತ್ತು. ಕಚ್ಚಿದ ಎಂಜಲು ತಟ್ಟೆಗೆ ಬಿತ್ತೆಂದರೆ ಇಡೀ ತಟ್ಟೆ ಎಂಜಲು. ಅವರು ಎರಡೂ ಕೈಲಿ ತಟ್ಟೆ ಎತ್ತಿ, “ತಗೊಳ್ರಿ ತಾಯಿ, ಎಲ್ಲಾ ನಿಮಗೇ” ಅಂತ ಆಕೆಯ ಕೈಗಿಟ್ಟರು. ಆಕೆ ಇದನ್ನು ಅಭಿಮಾನವೆಂದು ತಿಳಿದು, ಕಣ್ಣು ತೇವ ಮಾಡಿಕೊಂಡು ಎರಡನೇ ಬಹುಮಾನ ಬರೆದರು. ಎಂಜಲಾಗುವುದು ತಪ್ಪಿದ್ದರೆ ಮೊದಲನೆಯದೇ ಬರುತ್ತಿತ್ತು ಅಂತ ಅತ್ತೆ ಎಷ್ಟೋ ವರ್ಷ ಹೇಳುತ್ತಿದ್ದರು. ಅದು ಹೇಗೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ತರಕಾರಿಯ ಕಡೆಗೆ ಬರುವ ಮೊದಲು ಮೈಕಿನಲ್ಲಿ ಒಂದು ಮಾತು ಕೂಗಿದರು. ಮೊದಲ ಬಹುಮಾನ ಬಂದ ತರಕಾರಿಗಳನ್ನು ಅವತ್ತೇ, ಇಡಿಯಾಗಿ, ಶಿವಮೊಗ್ಗದ ಜಿಲ್ಲಾ ಪ್ರದರ್ಶನಕ್ಕೆ ಕಳಿಸಲಾಗುವುದು ಅಂತ. ನಾನು ಗ್ರಾಮಸೇವಕನ ಹತ್ತಿರ ಓಡಿದೆ.

“ಅಲ್ಲಿಂದ ಯಾವಾಗ ವಾಪಸ್ಸು ಕೊಡ್ತಾರೆ?”

“ವಾಪಸ್ಸಾ? ಅದೃಷ್ಟ ಇದ್ರೆ ಮೈಸೂರಿಗೂ ಹೋಗುತ್ತಮ್ಮಾ ನಿಮ್ಮ ಕಾಯಿ” ಅಂದ. ಹಲ್ಲು ಕಿರಿದು ಬೇರೆ.

ನನ್ನ ಜೀವ ಬಾಯಿಗೆ ಬಂತು. ಮೈಸೂರು ನೋಡಿಕೊಂಡು ಅಲ್ಲೇ ಯಾವನದೋ ಹುಳಿಯೊಳಗೆ ಬಿದ್ದರೆ ನಮ್ಮವ್ವನ ಬೀಜ ಅಲ್ಲಿಗೆ ಮುಗಿಯಿತು. ಕಾಯನ್ನು ಎತ್ತಿಕೊಂಡು ಹೋಗೋಣವೆಂದರೆ ಅತ್ತೆ ಅದರ ಪಕ್ಕದಲ್ಲೇ ಸ್ಟೂಲು ಹಾಕಿಸಿಕೊಂಡು ಕೂತಿದ್ದಾರೆ. ಮೊದಲ ಬಹುಮಾನ ತಂದೇ ತರುತ್ತೇನೆಂದು ಇಡೀ ಕೇರಿಗೆ ಸಾರಿ ಬಂದವರು. ನನಗೆ ಉಳಿದ ದಾರಿ ಒಂದೇ, ನನ್ನ ಕಾಯಿ ನಾನೇ ಸೋಲಿಸಬೇಕು.

ತೀರ್ಪಿನವರು ಬಂದು ಉಳಿದದ್ದನ್ನೆಲ್ಲ ಬದಿಗಿಟ್ಟು ನಮ್ಮಿಬ್ಬರ ಕಾಯಿಯ ಮುಂದೆ ನಿಂತರು. ಸಾಹೇಬರು ಗೆಣ್ಣಿನಿಂದ ಬಡಿದು ನೋಡಿದರು. ನಾನು ಮುಂದೆ ಬಿದ್ದು, “ನಮ್ಮದೇನೂ ಚೆನ್ನಾಗಿಲ್ಲ ಬಿಡ್ರಿ” ಅಂದೆ. ಮುಖ್ಯಸೇವಿಕೆ ಮುಗುಳ್ನಕ್ಕರು. ನಮ್ಮ ಕಡೆ ತನ್ನದನ್ನು ತಾನೇ ಹೊಗಳಿಕೊಳ್ಳುವ ಹೆಣ್ಣುಮಗಳಿಲ್ಲ. ಚೆನ್ನಾಗಿಲ್ಲ ಅಂದರೆ ಬಹಳ ಚೆನ್ನಾಗಿದೆ ಅಂತಲೇ ತಿಳಿಯಬೇಕು. ನಾನು ಕಾಯಿ ಹೊರಳಿಸಿ, ಡಬ್ಬದ ಮೇಲೆ ಕೂತು ಬಿಳಚಿಕೊಂಡ ಕಡೆ ತೋರಿಸಿದೆ. “ನೋಡಿದ್ರಾ ಸಾರ್, ಇಷ್ಟು ಚೆನ್ನಾಗಿ ಬೆಳೆದೂ ತನ್ನ ಕಾಯಿಯ ಐಬು ತಾನೇ ತೋರಿಸ್ತಾಳೆ” ಅಂತ ಆಕೆ ಇನ್ನಷ್ಟು ಕರಗಿದರು.

ಇದನ್ನು ನೋಡಿದ ಜಡೆಯ ಹೆಂಗಸು ಸುಮ್ಮನಿರುತ್ತಾಳೆಯೇ. “ನಮ್ಮದೇನು ಕಾಯಾ? ದನಕ್ಕೆ ಹಾಕಾದು” ಅಂದಳು. “ಅಯ್ಯೋ, ನಮ್ಮದನ್ನ ದನಾನೂ ಮೂಸಲ್ಲ” ಅಂದೆ ನಾನು. “ನಮ್ಮದರಾಗೆ ಬರೀ ನೀರೇ ಅದೆ.” “ನಮ್ಮದರಾಗೆ ನೀರೂ ಇಲ್ಲ.” ಸಾಹೇಬರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ, ಬೇರೆ ತಾಲ್ಲೂಕುಗಳಲ್ಲಿ ಜನ ಹೀಗೆ ಜಗಳ ಆಡುವುದಿಲ್ಲ ಅಂದರು. ಅವಳು ಸುಳ್ಳು ವಿನಯ ಆಡುತ್ತಿದ್ದಳು, ನಾನು ಜೀವ ಒತ್ತೆಯಿಟ್ಟು ಆಡುತ್ತಿದ್ದೆ. ಗೆಲ್ಲುತ್ತಾ ಇದ್ದದ್ದು ಮಾತ್ರ ನಾನೇ.

ಕೊನೆಗೆ ನನಗೆ ಬುದ್ಧಿ ಹೊಳೆಯಿತು. “ಸಾರ್, ಇದು ಒಳಗೆ ಬಲಿತಿಲ್ಲ. ಕೊಯ್ದು ನೋಡ್ರಿ. ಶಿವಮೊಗ್ಗದಲ್ಲಿ ಕೊಯ್ದಾಗ ಒಳಗೆ ಕೊಳೆತಿದ್ದರೆ ಎರಡೂ ತಾಲ್ಲೂಕಿನ ಮರ್ಯಾದೆ ಹೋಗುತ್ತೆ” ಅಂದೆ. ಮರ್ಯಾದೆ ಅಂದದ್ದು ಸಾಹೇಬರಿಗೆ ನಾಟಿತು. ಕೊಯ್ದರೆ ಇದನ್ನು ಕಳಿಸಲಾಗುವುದಿಲ್ಲ, ಆಗ ಇನ್ನೊಂದೇ ಹೋಗಬೇಕಾಗುತ್ತೆ, ಆದರೂ ಸಂಶಯ ಇಟ್ಟುಕೊಳ್ಳುವುದು ಬೇಡ ಅಂದರು. ಅತ್ತೆ ಸ್ಟೂಲಿನಿಂದ ಎದ್ದು, “ತಲೆಗಿಲೆ ಕೆಟ್ಟೈತೇನೇ ನಿನಗೆ” ಅಂತ ನನ್ನ ತೋಳು ಜಿಗುಟಿದರು. ನಾನು ಹಲ್ಲು ಕಚ್ಚಿಕೊಂಡು ನಿಂತೆ.

ಮುಖ್ಯಸೇವಿಕೆ ಬೆಂಚಿನ ಮೇಲಿದ್ದ ಚಾಕು ತೆಗೆದುಕೊಂಡವರು, ಮತ್ತೆ ಕೆಳಗಿಟ್ಟರು. “ನಾನು ಇದನ್ನೆಲ್ಲ ನಂಬಲ್ಲ. ಆದರೆ ಇಡೀ ಕಾಯಿ… ಮನೇಲಿ ನಮ್ಮ ತಾಯಿ ಇದ್ದಾರೆ. ನೀವೇ ಕೊಯ್ಯಿರಿ ಸಾರ್” ಅಂದರು. ಸಾಹೇಬರು ಚಾಕು ನೋಡಿದರು, ಕಾಯಿ ನೋಡಿದರು, ಕಿವಿಯ ತನಕ ಕೆಂಪಗಾದರು. “ನಾನೂ ನಂಬಲ್ಲ. ಆದರೆ ಸದ್ಯಕ್ಕೆ… ನಾನು ಬೇಡ.”

ಮುಖ್ಯಸೇವಿಕೆಯ ಕನ್ನಡಕ ಮೂಗಿನ ತುದಿಗೆ ಬಂತು. “ಏನ್ ಸಾರ್, ಹೇಳಲೇ ಇಲ್ಲ. ಎಷ್ಟು ತಿಂಗಳು?”

“ಐದು” ಅಂದರು ಸಾಹೇಬರು, ಕಾಯಿಗೆ ಹೇಳುವವರ ಹಾಗೆ.

ಆಫೀಸಿನ ಜವಾನನನ್ನು ಕರೆದರು. ಅವನು ಅಲ್ಲಿಂದಲೇ ಕೈಮುಗಿದು, “ನಮ್ಮನೇಲೂ ಅದೇ ಸಾ” ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ಸುತ್ತ ನಿಂತ ಗಂಡಸರು ಒಬ್ಬೊಬ್ಬರಾಗಿ ಹಿಂದೆ ಸರಿಯತೊಡಗಿದರು. ಯಾರು ಎಷ್ಟು ಹಿಂದೆ ಸರಿದರು ಅಂತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದರು. ಗ್ರಾಮಸೇವಕನಿಗೆ ಮದುವೆಯೇ ಆಗಿರಲಿಲ್ಲ. ಅವನೂ ಯಾಕೋ ಎರಡು ಹೆಜ್ಜೆ ಸರಿದ.

ಆಗ ನನ್ನ ಗಂಡ ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದರು. ಜೀವಮಾನದಲ್ಲಿ ಮೊದಲ ಸಲ ಯಾವುದೋ ಒಂದಕ್ಕೆ ಮುಂದೆ ಬಂದಿದ್ದರು. “ತರ್ರಿ ಇಲ್ಲಿ, ನನಗೇನು” ಅಂತ ಚಾಕು ತೆಗೆದುಕೊಂಡರು.

“ತಮ್ಮಾ, ನೀನು ಚಾಕು ಹಚ್ಚಬ್ಯಾಡ” ಅಂದರು ಅತ್ತೆ.

“ಯಾಕವ್ವ?”

“ಬ್ಯಾಡ ಅಂದೆ, ಬ್ಯಾಡ.”

“ಕುಂಬಳಕಾಯಿ ತಾನೇ. ನನಗೇನಾಗೈತೆ?”

“ನಿನಗೇನೂ ಆಗಿಲ್ಲ. ಚಾಕು ಇಡು” ಅಂದರು ಅತ್ತೆ, ಮೆಲ್ಲಗೆ.

ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ಜಡೆಯ ಹೆಂಗಸು ಮೊದಲು ನಕ್ಕಳು, ಅವಳ ಹಿಂದೆ ಇಡೀ ಚಪ್ಪರ ನಕ್ಕಿತು. ಅರ್ಥವಾಗದೆ ಉಳಿದವರು ನನ್ನ ಗಂಡ ಒಬ್ಬರೇ, ಚಾಕು ಹಿಡಿದುಕೊಂಡು ಎಲ್ಲರ ಮುಖ ನೋಡುತ್ತಿದ್ದರು. ತೋಟಗಾರಿಕೆ ಸಾಹೇಬರು ಪಾಪ, ಸಮಾನ ದುಃಖಿಯ ಹಾಗೆ ಅವರ ಕೈ ಕುಲುಕಿದರು. ಆಗ ಇವರು ನನ್ನ ಕಡೆ ತಿರುಗಿದರು ನೋಡಿ, ಆ ಮುಖ ನಾನು ಸಾಯುವ ತನಕ ಮರೆಯುವುದಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗಂಡನಿಗೂ ಹೇಳದ ಸುದ್ದಿ ಎರಡು ತಾಲ್ಲೂಕಿಗೆ ಒಟ್ಟಿಗೇ ಗೊತ್ತಾಗಿತ್ತು.

ನಗು ಇಳಿದ ಮೇಲೆ ಮುಖ್ಯಸೇವಿಕೆ, “ಹಾಗಾದರೆ ಕೊಯ್ಯೋದೇ ಬೇಡ. ಇಂಥ ಶುಭ ಸಮಾಚಾರ ಬೇರೆ. ಮೊದಲ ಬಹುಮಾನ ಇದಕ್ಕೇ” ಅಂತ ಕೆಂಪು ರಿಬ್ಬನ್ನು ತಂದು ಕಾಯಿಯ ತೊಟ್ಟಿಗೆ ಕಟ್ಟಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಅತ್ತೆ ರಿಬ್ಬನ್ನನ್ನು ಮುಟ್ಟಿ ಮುಟ್ಟಿ ನೋಡಿದರು. ಅಷ್ಟೊತ್ತು ತಡೆದದ್ದೆಲ್ಲ ನನಗೆ ಒಮ್ಮೆಲೇ ಒತ್ತಿಕೊಂಡು ಬಂತು. ಎಲ್ಲರೆದುರಿಗೆ ನಿಂತುಕೊಂಡೇ ಅತ್ತುಬಿಟ್ಟೆ.

“ಗೆದ್ದು ಯಾಕೆ ಅಳ್ತೀಯೆ?” ಅಂದರು ಅತ್ತೆ.

“ನನಗೆ ಗೆಲ್ಲೋದು ಬ್ಯಾಡ ಅತ್ತೆ. ಇದು ನಮ್ಮವ್ವನ ಬೀಜ. ಊರಲ್ಲಿ ಒಂದೂ ಉಳಿದಿಲ್ಲ, ಇಲಿ ತಿಂದುಬಿಟ್ಟವು. ಇರೋದು ಇದರೊಳಗೆ ಮಾತ್ರ. ಇದನ್ನ ಶಿವಮೊಗ್ಗಕ್ಕೆ ಒಯ್ದರೆ ನಮ್ಮವ್ವಂದು ಅಂತ ನನಗೆ ಏನೂ ಇರಲ್ಲ” ಅಂದೆ.

ಅತ್ತೆ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಆ ರಿಬ್ಬನ್ನನ್ನು ನೋಡಿದರು. ಅದನ್ನು ಕೇರಿಗೆ ಹೇಗೆ ಒಯ್ಯಬೇಕು, ಯಾರ್‍ಯಾರ ಮನೆ ಮುಂದೆ ನಿಲ್ಲಬೇಕು ಅಂತೆಲ್ಲ ಅವರು ಆಗಲೇ ಲೆಕ್ಕ ಹಾಕಿದ್ದರೆಂದು ನನಗೆ ಗೊತ್ತಿತ್ತು. ಆಮೇಲೆ ಊಟದ ಚಪ್ಪರದ ಕಡೆ ಮುಖ ಮಾಡಿ, “ಸಾಬ್ರೇ, ಆ ಚೂರಿ ತಗೊಂಡು ಬರ್ರಿ” ಅಂತ ಕೂಗಿದರು.

ಸಾಬರು ಬ್ರೆಡ್ಡಿನ ಚೂರಿ ಒರೆಸಿಕೊಳ್ಳುತ್ತಾ ಬಂದರು. “ನನ್ನ ಕೊನೇ ಮಗಳ ಮದುವೇನೂ ಆಗೈತಮ್ಮಾ. ನನಗೇನೂ ಅಡ್ಡಿಯಿಲ್ಲ” ಅಂದರು. ಸಾಹೇಬರು “ರಿಬ್ಬನ್ನು ಕಟ್ಟಿ ಆಗಿದೆಯಲ್ಲ” ಅಂತ ಏನೋ ಹೇಳಲು ಹೊರಟರು. ಅತ್ತೆ ರಿಬ್ಬನ್ನನ್ನು ತಾವೇ ಬಿಚ್ಚಿ ಅವರ ಕೈಲಿಟ್ಟರು. ಸಾಬರು ಬಿಸ್ಮಿಲ್ಲಾ ಅಂದು ಚೂರಿ ಇಳಿಸಿದರು. ಕಾಯಿ ಎರಡಾಯಿತು. ಒಳಗೆ ನಮ್ಮವ್ವನ ಕುಂಕುಮದ ಬಣ್ಣ, ತುಂಬ ದಪ್ಪ ದಪ್ಪ ಬೀಜ. ಸಾಹೇಬರು ನಿಟ್ಟುಸಿರು ಬಿಟ್ಟು ರಿಬ್ಬನ್ನನ್ನು ಜಡೆಯವಳ ಕಾಯಿಗೆ ಕಟ್ಟಿದರು.

ಅತ್ತೆ ಸೆರಗು ಒಡ್ಡಿ, ಮಡಿ ಸೀರೆಗೆ ಕಲೆಯಾಗುತ್ತೆ ಅನ್ನುವುದನ್ನೂ ನೋಡದೆ, ತಿರುಳಿನ ಸಮೇತ ಬೀಜ ಬಳಿದುಕೊಂಡರು. “ಒಂದೂ ಕೆಳಗೆ ಬೀಳಬಾರದು” ಅಂತ ಸಾಬರಿಗೂ ಗದರಿದರು. ಜಡೆಯ ಹೆಂಗಸು ನಾಚುತ್ತಾ ಬಂದು, ನನಗೂ ನಾಲ್ಕು ಕೊಡ್ರಿ ಅಂದಳು. ಅತ್ತೆ ನಾಲ್ಕಲ್ಲ, ಒಂದು ಹಿಡಿ ತೆಗೆದು ಅವಳ ಸೆರಗಿನ ತುದಿಗೆ ತಾವೇ ಗಂಟು ಹಾಕಿದರು. “ಸೊರಬದ ಬೀಜ. ನಿಮ್ಮ ಮಣ್ಣಿಗೆ ಹತ್ತತೈತಿ, ಜ್ವಾಪಾನ” ಅಂದರು.

ಸಂಜೆ ಬಸ್ಸಿನಲ್ಲಿ ನನ್ನ ಗಂಡ ಕಿಟಕಿಯ ಹೊರಗೆ ನೋಡುತ್ತಾ ತಮ್ಮಷ್ಟಕ್ಕೆ ನಗುತ್ತಿದ್ದರು. ಮೊದಲ ಬಹುಮಾನ ಹೋದದ್ದಕ್ಕೆ ಅತ್ತೆ ಶಿರಾಳಕೊಪ್ಪದ ತನಕ ಮುಖ್ಯಸೇವಿಕೆಯನ್ನು ಬೈದರು, ಅಲ್ಲಿಂದ ಮುಂದೆ ನನ್ನ ಅಣ್ಣನ ಮನೆಯ ಇಲಿಗಳನ್ನು ಬೈದರು. ಶಿಕಾರಿಪುರದಲ್ಲಿ ಇಳಿಯುವಾಗ ಕಾಯಿಯ ಹೋಳುಗಳಿದ್ದ ಬುಟ್ಟಿ ನನ್ನ ಕಾಲ ಬಳಿಯೇ ಇತ್ತು. ಅಭ್ಯಾಸಬಲದಿಂದ ಬಗ್ಗಿದೆ.

“ಎತ್ತಬ್ಯಾಡ” ಅಂದರು ಅತ್ತೆ. “ನಿನ್ನ ಕೈಗುಣ ಸರಿಯಿಲ್ಲ.”

ಬಾವಿಯ ಹಗ್ಗ, ಒನಕೆ, ಭತ್ತದ ಬುಟ್ಟಿ, ಎಲ್ಲ ಒಂದೊಂದಾಗಿ ನೆನಪಾದವು. ನನಗೇ ಖಾತ್ರಿಯಾಗುವ ಮೊದಲೇ ಅವರಿಗೆ ಗೊತ್ತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. “ಹೌದತ್ತೆ, ಸರಿಯಿಲ್ಲ” ಅಂದು ಬರಿಗೈಯಲ್ಲಿ ಬಸ್ಸಿನಿಂದ ಇಳಿದೆ.